ಗಂಡನಿಗೂ ಹೇಳದ ಗುಟ್ಟು: ‘ದಿ ಬ್ಲೆಚ್ಲಿ ಸರ್ಕಲ್’ನಲ್ಲಿ ತೋರಿಸಿದ್ದು ನಿಜವಾ?

ಪ್ರಶ್ನೆ: ‘ದಿ ಬ್ಲೆಚ್ಲಿ ಸರ್ಕಲ್’ ನೋಡಿದೆ, ತುಂಬಾ ಇಷ್ಟ ಆಯ್ತು. ಆದರೆ ಒಂದು ವಿಷಯ ಮಾತ್ರ ನಂಬೋಕೆ ಆಗ್ತಿಲ್ಲ. ಯುದ್ಧದ ಟೈಮಲ್ಲಿ ಜರ್ಮನ್ನರ ಕೋಡ್ ಒಡೆದ ಹೆಂಗಸು, ಯುದ್ಧ ಮುಗಿದು ಏಳು ವರ್ಷ ಆದಮೇಲೂ ಕಟ್ಟಿಕೊಂಡ ಗಂಡನಿಗೆ ಆ ಬಗ್ಗೆ ಒಂದು ಮಾತೂ ಹೇಳಿಲ್ಲ ಅಂದ್ರೆ ಹೇಗೆ? ಇದು ನಿಜವಾಗಿ ನಡೆದದ್ದಾ, ಇಲ್ಲ ಕಥೆಗೆ ಬೇಕು ಅಂತ ಸೇರಿಸಿದ್ದಾ?

ಉತ್ತರ: ನಿಜವಾಗಿ ನಡೆದದ್ದು. ಏಳು ವರ್ಷ ಏನು, ಎಷ್ಟೋ ಜನ ಮೂವತ್ತು ವರ್ಷ ಬಾಯಿಬಿಡಲಿಲ್ಲ. ಕೆಲವರು ಸಾಯುವವರೆಗೂ ಹೇಳಲಿಲ್ಲ. ಸೀರಿಯಲ್‌ನ ಕೊಲೆಗಾರ ಕಟ್ಟುಕಥೆ, ಆ ಹೆಂಗಸರೂ ಕಟ್ಟುಕಥೆ. ಇಡೀ ಕಥೆಯಲ್ಲಿ ನೋಡಿದವರಿಗೆ ಯಾವುದು ಅತಿ ಅನ್ನಿಸುತ್ತದೋ ಅದೇ ಅತ್ಯಂತ ನಿಜವಾದ ಭಾಗ. ಅದಕ್ಕೇ ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು.

ಇನ್ನೂ ನೋಡದವರಿಗೆ ಎರಡು ಮಾತು. ಬ್ರಿಟನ್ನಿನ ಐಟಿವಿಯಲ್ಲಿ 2012ರಲ್ಲಿ ಮೂರು ಕಂತು ಬಂತು, 2014ರ ಜನವರಿಯಲ್ಲಿ ಮತ್ತೆ ನಾಲ್ಕು. ಕಥೆ 1943ರಲ್ಲಿ, ಶತ್ರುಗಳ ಕೋಡ್ ಒಡೆಯುವ ಬ್ರಿಟನ್ನಿನ ಗುಟ್ಟಿನ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕ್‌ನಲ್ಲಿ ಶುರುವಾಗಿ ನೇರವಾಗಿ 1952ರ ಲಂಡನ್‌ಗೆ ಬರುತ್ತದೆ. ಅಲ್ಲಿ ಕೆಲಸ ಮಾಡಿದ್ದ ಸೂಸನ್‌ಗೆ ಈಗ ಗಂಡ, ಎರಡು ಮಕ್ಕಳು, ಅಡುಗೆ, ಹೆಣಿಗೆ, ಪದಬಂಧ. ಪೇಪರಿನಲ್ಲಿ ಸಾಲುಸಾಲು ಕೊಲೆಗಳ ಸುದ್ದಿ ಬಂದಾಗ ಅದರೊಳಗೊಂದು ಲೆಕ್ಕಾಚಾರ ಇದೆ ಅಂತ ಅವಳಿಗೆ ಹೊಳೆಯುತ್ತದೆ. ಪೊಲೀಸರ ಹತ್ತಿರ ಹೋದರೆ ಪ್ರಯೋಜನ ಆಗಲ್ಲ. ಹಳೇ ಗೆಳತಿಯರಾದ ಮಿಲ್ಲಿ, ಲೂಸಿ, ಜೀನ್ ಅವರನ್ನು ಹುಡುಕಿ ಸೇರಿಸುತ್ತಾಳೆ. ಗಂಡನಿಗೆ ಹೇಳುವುದು, ಪುಸ್ತಕ ಓದುವ ಗುಂಪಿಗೆ ಹೋಗ್ತಿದ್ದೀನಿ ಅಂತ.

ಇಲ್ಲೇ ಜನ ಮುಗ್ಗರಿಸುವುದು. ಒಂದೇ ಮನೆ, ಒಂದೇ ಹಾಸಿಗೆ, ಒಂದು ಸಲವಾದರೂ ಬಾಯಿ ತಪ್ಪಲ್ವಾ?

ಮೊದಲು ಆ ಜಾಗ ಎಂಥದ್ದು ಅಂತ ನೋಡೋಣ. ಬ್ಲೆಚ್ಲಿ ಪಾರ್ಕ್ ಇರುವುದು ಲಂಡನ್‌ನಿಂದ ಸುಮಾರು 80 ಕಿಲೋಮೀಟರ್ ದೂರ, ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ. ಒಂದು ದೊಡ್ಡ ಬಂಗಲೆ, ಸುತ್ತ ಮರದ ಶೆಡ್‌ಗಳು. ಆ ಶೆಡ್‌ಗಳನ್ನೇ ಹಟ್ ಅನ್ನುತ್ತಿದ್ದರು, ಒಂದೊಂದಕ್ಕೂ ನಂಬರ್. ಯುದ್ಧದ ಕೊನೆಯ ಹೊತ್ತಿಗೆ ಅಲ್ಲಿ ಮತ್ತು ಅದರ ಹೊರ ಕೇಂದ್ರಗಳಲ್ಲಿ ಸುಮಾರು ಒಂಬತ್ತು ಸಾವಿರ ಜನ ಕೆಲಸ ಮಾಡುತ್ತಿದ್ದರು. ಅದರಲ್ಲಿ ನಾಲ್ಕಕ್ಕೆ ಮೂರು ಪಾಲು ಹೆಂಗಸರು. ಬಹಳಷ್ಟು ಜನಕ್ಕೆ ಇಪ್ಪತ್ತರ ಆಸುಪಾಸು ವಯಸ್ಸು.

ಕೆಲಸಕ್ಕೆ ಸೇರುವಾಗಲೇ ಅಧಿಕೃತ ರಹಸ್ಯ ಕಾಯ್ದೆಗೆ ಸಹಿ ಹಾಕಿಸುತ್ತಿದ್ದರು. ಅಲ್ಲಿಗೆ ಮುಗಿಯುತ್ತಿರಲಿಲ್ಲ. 1942ರಲ್ಲಿ ಸಿಬ್ಬಂದಿಗೆ ಒಂದು ಎಚ್ಚರಿಕೆ ಪತ್ರ ಹಂಚಿದರು. ಊಟದ ಹೊತ್ತಲ್ಲಿ ಮಾತಾಡಬೇಡಿ, ಬಸ್ಸಿನಲ್ಲಿ ಮಾತಾಡಬೇಡಿ, ಪ್ರಯಾಣದಲ್ಲಿ ಮಾತಾಡಬೇಡಿ, ಇಳಿದುಕೊಂಡ ಮನೆಯಲ್ಲಿ ಮಾತಾಡಬೇಡಿ, ಕೊನೆಗೆ ನಿಮ್ಮ ಸ್ವಂತ ಮನೆಯ ಬೆಂಕಿಗೂಡಿನ ಮುಂದೆಯೂ ಮಾತಾಡಬೇಡಿ ಅಂತ. ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರದೋ ಮನೆಯ ಒಂದು ಕೋಣೆಯಲ್ಲಿ ಈ ಹುಡುಗಿಯರು ಉಳಿದುಕೊಳ್ಳುತ್ತಿದ್ದರು. ಬೆಳಿಗ್ಗೆ ಎಂಟರಿಂದ ನಾಲ್ಕು, ನಾಲ್ಕರಿಂದ ಮಧ್ಯರಾತ್ರಿ, ಮಧ್ಯರಾತ್ರಿಯಿಂದ ಎಂಟು, ಹೀಗೆ ಮೂರು ಪಾಳಿ. ಮನೆ ಒಡತಿಗೆ ಗೊತ್ತಿದ್ದದ್ದು ಇಷ್ಟೇ: ಈ ಹುಡುಗಿ ಹೊತ್ತಲ್ಲದ ಹೊತ್ತಲ್ಲಿ ಬರ್ತಾಳೆ, ಹೋಗ್ತಾಳೆ. ಅಪ್ಪ ಅಮ್ಮ ಕೇಳಿದರೆ ಆಫೀಸ್ ಕೆಲಸ, ಟೈಪಿಂಗ್ ಅಂತ ಉತ್ತರ. ನೌಕಾಪಡೆಯ ಮಹಿಳಾ ವಿಭಾಗದಿಂದ ಬಂದವರ ಹೆಸರುಗಳು ಎಚ್‌ಎಂಎಸ್ ಪೆಂಬ್ರೋಕ್ ಅನ್ನುವ ದಾಖಲೆಯಲ್ಲಿ ಇರುತ್ತಿದ್ದವು. ಹೆಸರು ಕೇಳಿದರೆ ಹಡಗು ಅನ್ನಿಸಬೇಕು, ಆದರೆ ಬ್ಲೆಚ್ಲಿಯಲ್ಲಿ ಸಮುದ್ರವೇ ಇಲ್ಲ!

ನನ್ನ ಪ್ರಕಾರ ಗುಟ್ಟು ಉಳಿದ ದೊಡ್ಡ ಕಾರಣ ಕಾನೂನಿನ ಭಯ ಅಲ್ಲ. ಬಹಳ ಜನಕ್ಕೆ ತಮ್ಮ ಕೆಲಸದ ಪೂರ್ತಿ ಅರ್ಥವೇ ಗೊತ್ತಿರಲಿಲ್ಲ. ಒಂದು ಹಟ್‌ನವರು ಇನ್ನೊಂದು ಹಟ್‌ನಲ್ಲಿ ಏನು ನಡೆಯುತ್ತೆ ಅಂತ ಕೇಳುವ ಹಾಗಿರಲಿಲ್ಲ. ಬಾಂಬ್ ಅಂತ ಒಂದು ಯಂತ್ರ ಇತ್ತು. ಸಿಡಿಯುವ ಬಾಂಬ್ ಅಲ್ಲ, ಸಂದೇಶಗಳನ್ನು ಗುಪ್ತ ಲಿಪಿಗೆ ತಿರುಗಿಸುತ್ತಿದ್ದ ಜರ್ಮನ್ನರ ಎನಿಗ್ಮಾ ಯಂತ್ರದ ಆ ದಿನದ ಜೋಡಣೆ ಯಾವುದು ಅಂತ ಹುಡುಕಿಕೊಡುವ ಯಂತ್ರ. ಆಳೆತ್ತರಕ್ಕಿಂತ ದೊಡ್ಡದು, ತೂಕ ಸುಮಾರು ಒಂದು ಟನ್. ಯುದ್ಧ ಮುಗಿಯುವ ಹೊತ್ತಿಗೆ ಇಂಥವು ಇನ್ನೂರಕ್ಕಿಂತ ಜಾಸ್ತಿ ತಯಾರಾಗಿದ್ದವು. ಅವನ್ನು ನಡೆಸುತ್ತಿದ್ದವರು ನೌಕಾಪಡೆಯ ಹುಡುಗಿಯರು. ಪಾಳಿಯುದ್ದಕ್ಕೂ ನಿಂತೇ ಇರಬೇಕು. ಕಿವಿ ತುಂಬಾ ಗಡಗಡ ಸದ್ದು, ಎಣ್ಣೆ ವಾಸನೆ. ಭಾರದ ಡ್ರಮ್‌ಗಳನ್ನು ತೆಗೆದು ಹಾಕಬೇಕು. ಪ್ರತಿ ಡ್ರಮ್ಮಿನ ಹಿಂದೆ ಸಣ್ಣ ತಂತಿಯ ಬ್ರಷ್‌ಗಳು. ಒಂದು ಎಳೆ ಸೊಟ್ಟಗಾಗಿ ಪಕ್ಕದ್ದಕ್ಕೆ ತಾಗಿದರೂ ಫಲಿತಾಂಶ ತಪ್ಪು, ಹಾಗಾಗಿ ಕೂತು ಚಿಮಟದಲ್ಲಿ ಒಂದೊಂದೇ ಎಳೆ ನೆಟ್ಟಗೆ ಮಾಡಬೇಕು. ಯಂತ್ರ ನಿಂತರೆ ಆ ಅಂಕಿ ಅಕ್ಷರ ಬರೆದು ಮುಂದಕ್ಕೆ ಕಳಿಸಬೇಕು. ಅದರಿಂದ ಯಾವ ಸಂದೇಶ ಬಿಚ್ಚಿಕೊಂಡಿತು, ಯಾವ ಹಡಗು ಉಳಿಯಿತು ಅನ್ನೋದು ಅವರವರೆಗೆ ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಆ ಯಂತ್ರಗಳನ್ನು ಬಿಚ್ಚಿ ಹಾಕುವ ಕೆಲಸವನ್ನೂ ಅದೇ ಹುಡುಗಿಯರ ಕೈಲಿ ಮಾಡಿಸಿದರು. ಇಂಥವಳೊಬ್ಬಳು ಗಂಡನಿಗೆ ಹೇಳಬೇಕು ಅಂದರೂ ಏನು ಹೇಳಬೇಕು? ಒಂದು ಯಂತ್ರದ ಬ್ರಷ್ ಸರಿ ಮಾಡ್ತಿದ್ದೆ ಅಂತಲೇ?

ಹಾಗಂತ ಹೆಂಗಸರೆಲ್ಲ ಬರೀ ಯಂತ್ರದ ಮುಂದೆ ನಿಂತಿದ್ದರು ಅಂದುಕೊಳ್ಳಬೇಡಿ. ಸೂಸನ್ ತರಹದ ತಲೆ ನಿಜವಾಗಿ ಇತ್ತು. ಮೇವಿಸ್ ಲಿವರ್ ಅಂತ ಒಬ್ಬಾಕೆ. ಲಂಡನ್ನಿನ ಕಾಲೇಜಿನಲ್ಲಿ ಜರ್ಮನ್ ಓದುತ್ತಿದ್ದವಳು, 1940ರಲ್ಲಿ ಅಲ್ಲಿಗೆ ಬಂದಾಗ ವಯಸ್ಸು 19. ಡಿಲ್ಲಿ ನಾಕ್ಸ್ ಅನ್ನುವ ಹಿರಿಯ ತಜ್ಞರ ಕೈಕೆಳಗೆ, ಕಾಟೇಜ್ ಅಂತ ಕರೆಯುತ್ತಿದ್ದ ಪುಟ್ಟ ಕಟ್ಟಡದಲ್ಲಿ ಕೆಲಸ. ಒಂದು ದಿನ ಇಟಲಿಯವರ ಉದ್ದನೆಯ ಸಂದೇಶ ಕೈಗೆ ಬಂತು. ನೋಡುತ್ತಾ ಹೋದಳು. ಅದರಲ್ಲಿ ಎಲ್ ಅನ್ನುವ ಅಕ್ಷರ ಒಂದೇ ಒಂದು ಸಲವೂ ಇಲ್ಲ. ಅಷ್ಟು ಉದ್ದದ ಸಂದೇಶದಲ್ಲಿ ಒಂದು ಅಕ್ಷರ ಪೂರ್ತಿ ಮಾಯ ಆಗೋದು ಹೇಗೆ? ಇಟಲಿಯವರೂ ಬಳಸುತ್ತಿದ್ದ ಎನಿಗ್ಮಾ ಯಂತ್ರದಲ್ಲಿ ಒಂದು ವಿಶೇಷ ಇದೆ. ಯಾವ ಅಕ್ಷರ ಒತ್ತಿದರೂ ಅದು ಅದೇ ಅಕ್ಷರವಾಗಿ ಹೊರಗೆ ಬರಲ್ಲ. ಎ ಒತ್ತಿದರೆ ಎ ಬಿಟ್ಟು ಬೇರೆ ಏನಾದರೂ ಬರಬಹುದು. ಹಾಗಾದರೆ ಈ ಆಪರೇಟರ್ ಒತ್ತಿದ್ದೆಲ್ಲ ಬರೀ ಎಲ್! ಸುಮ್ನೆ ಒಂದು ಡಮ್ಮಿ ಸಂದೇಶ ಕಳಿಸು ಅಂತ ಮೇಲಿನವರು ಹೇಳಿರಬೇಕು, ಅವನು ಕೀಬೋರ್ಡಿನ ಕೊನೆಯ ಮೂಲೆಯ ಅಕ್ಷರದ ಮೇಲೆ ಬೆರಳಿಟ್ಟು ಒತ್ತುತ್ತಲೇ ಇದ್ದಾನೆ. ಒಳಗಿದ್ದದ್ದು ಏನು ಅಂತ ಗೊತ್ತಾದ ಮೇಲೆ ಯಂತ್ರದ ಚಕ್ರದ ವೈರಿಂಗ್ ಹೇಗಿದೆ ಅಂತ ಲೆಕ್ಕ ಹಾಕಲು ದಾರಿ ಸಿಕ್ಕಿತು. ಇರುವುದನ್ನು ನೋಡೋದು ಎಲ್ಲರಿಗೂ ಬರುತ್ತೆ, ಇಲ್ಲದ್ದನ್ನು ನೋಡಿದಳಲ್ಲ, ಅಲ್ಲೇ ನನಗೆ ಮೈ ಜುಮ್ಮೆನ್ನುವುದು.

ಅದೇ ಮೇವಿಸ್ 1941ರ ಮಾರ್ಚ್‌ನಲ್ಲಿ ಇಟಲಿ ನೌಕಾಪಡೆಯ ಇನ್ನೊಂದು ಸಂದೇಶ ಬಿಡಿಸಿದಳು. ಇನ್ನು ಮೂರು ದಿನಕ್ಕೆ ಆ ದಿನ ಅನ್ನುವ ಅರ್ಥದ ಚಿಕ್ಕ ಸಾಲು. ಏನೋ ದೊಡ್ಡದು ನಡೆಯಲಿದೆ ಅಂತ ಕಾಟೇಜಿನವರು ಮೂರು ದಿನ ರಾತ್ರಿ ಹಗಲು ಕೂತು ಉಳಿದದ್ದನ್ನೂ ಬಿಡಿಸಿದರು. ಅದು ಮೆಡಿಟರೇನಿಯನ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಕನಿಂಗ್‌ಹ್ಯಾಮ್ ಕೈಗೆ ತಲುಪಿತು. ಗ್ರೀಸ್‌ನ ದಕ್ಷಿಣ ತುದಿಯ ಹತ್ತಿರ ನಡೆದ ಕೇಪ್ ಮಟಪಾನ್ ಕದನದಲ್ಲಿ ಇಟಲಿ ಮೂರು ಭಾರಿ ಕ್ರೂಸರ್ ಮತ್ತು ಎರಡು ಡೆಸ್ಟ್ರಾಯರ್ ಹಡಗು ಕಳೆದುಕೊಂಡಿತು. ಆಮೇಲೆ ಕನಿಂಗ್‌ಹ್ಯಾಮ್ ಧನ್ಯವಾದ ಹೇಳಲು ಸ್ವತಃ ಬ್ಲೆಚ್ಲಿಗೆ ಬಂದರು. ಕಾಟೇಜಿನ ಗೋಡೆಗೆ ಆಗತಾನೇ ಸುಣ್ಣ ಹೊಡೆದಿದ್ದರಂತೆ. ಹುಡುಗಿಯರು ಮಾತಾಡಿಸುತ್ತಾ ಮಾತಾಡಿಸುತ್ತಾ ಅವರನ್ನು ಆ ಗೋಡೆಗೆ ಒರಗುವ ಹಾಗೆ ಮಾಡಿ, ಕಡು ನೀಲಿ ಸಮವಸ್ತ್ರದ ಹಿಂಭಾಗವೆಲ್ಲ ಬೆಳ್ಳಗೆ ಮಾಡಿ ಕಳಿಸಿದರು. ಇದನ್ನು ಹೇಳಿದವರು ಮೇವಿಸ್ ಅವರೇ, ಎಷ್ಟೋ ವರ್ಷದ ಮೇಲೆ. ಯುದ್ಧ ಗೆಲ್ಲಿಸುತ್ತಿದ್ದವರು ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು ಅನ್ನೋದು ಇದನ್ನು ಓದಿದಾಗ ಸರಿಯಾಗಿ ಮನಸ್ಸಿಗೆ ಬರುತ್ತೆ.

ಜೋನ್ ಕ್ಲಾರ್ಕ್ ಹೆಸರು ಹೆಚ್ಚು ಜನಕ್ಕೆ ಗೊತ್ತು, ಬ್ಲೆಚ್ಲಿಯ ಪ್ರಸಿದ್ಧ ಗಣಿತಜ್ಞ ಅಲನ್ ಟ್ಯೂರಿಂಗ್ ಜೊತೆ ಸ್ವಲ್ಪ ಕಾಲ ಮದುವೆ ನಿಶ್ಚಯವಾಗಿತ್ತು ಅನ್ನೋ ಕಾರಣಕ್ಕೆ. ಆಕೆಯನ್ನು ನೆನೆಯಬೇಕಾದದ್ದು ಬೇರೆ ಕಾರಣಕ್ಕೆ. ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು, 1944ರಲ್ಲಿ, ಜರ್ಮನ್ ನೌಕಾಪಡೆಯ ಎನಿಗ್ಮಾ ಸಂದೇಶ ಬಿಡಿಸುತ್ತಿದ್ದ ಹಟ್ 8ರ ಉಪ ಮುಖ್ಯಸ್ಥೆ ಆದರು. ಆದರೆ ಹೆಂಗಸಿಗೆ ಕೋಡ್ ತಜ್ಞೆ ಅಂತ ಬಡ್ತಿ ಕೊಡಲು ವೇತನ ಶ್ರೇಣಿಯೇ ಇರಲಿಲ್ಲ. ಹಾಗಾಗಿ ಭಾಷಾತಜ್ಞೆ ಅಂತ ತೋರಿಸಿ ಸಂಬಳ ಏರಿಸಿದರು. ಆಕೆ ಫಾರಂ ತುಂಬುವಾಗ ದರ್ಜೆ ಭಾಷಾತಜ್ಞೆ, ಬರುವ ಭಾಷೆಗಳು ಯಾವುದೂ ಇಲ್ಲ ಅಂತ ಬರೆಯುತ್ತಿದ್ದರು.

ಇನ್ನು ಯುದ್ಧ ಮುಗಿದ ಮೇಲೂ ಯಾಕೆ ಸುಮ್ಮನಿದ್ದರು? ಬ್ರಿಟನ್ನಿನಲ್ಲಿ ಬೇರೆ ದೇಶಗಳ ಸಂದೇಶ ಓದುವ ಕೆಲಸ 1945ಕ್ಕೆ ನಿಲ್ಲಲಿಲ್ಲ. ಆ ಸಂಸ್ಥೆಯೇ ಜಿಸಿಎಚ್‌ಕ್ಯೂ ಅನ್ನುವ ಹೆಸರಲ್ಲಿ ಮುಂದುವರಿಯಿತು, ಇವತ್ತಿಗೂ ಇದೆ. ನಮಗೆ ಈ ವಿದ್ಯೆ ಗೊತ್ತು ಅಂತ ಹೊರಗೆ ಗೊತ್ತಾದರೆ ಎಲ್ಲರೂ ಹುಷಾರಾಗ್ತಾರೆ. ಅದಕ್ಕೆ ಬಾಯಿ ಮುಚ್ಚಿಕೊಂಡಿರಿ ಅನ್ನುವ ಆಜ್ಞೆ ಹಾಗೇ ಉಳಿಯಿತು. 1974ರಲ್ಲಿ ವಿಂಟರ್‌ಬಾಥಮ್ ಅನ್ನುವ ಮಾಜಿ ಅಧಿಕಾರಿಯ ಪುಸ್ತಕ ಬಂದಾಗಲೇ ಸಾಮಾನ್ಯ ಜನಕ್ಕೆ ಇದರ ಸುಳಿವು ಸಿಕ್ಕಿದ್ದು. ಅಷ್ಟರಲ್ಲಿ ಈ ಹುಡುಗಿಯರ ಎಷ್ಟೋ ಜನ ಅಪ್ಪ ಅಮ್ಮಂದಿರು ತೀರಿಕೊಂಡಿದ್ದರು. ನಮ್ಮ ಮಗಳು ಯುದ್ಧದಲ್ಲಿ ಟೈಪಿಂಗ್ ಮಾಡ್ತಿದ್ದಳು ಅಂತ ಅಂದುಕೊಂಡೇ ಹೋದರು. ಸರ್ಕಾರ ಇವರಿಗೆ ಒಂದು ಸ್ಮರಣಾರ್ಥ ಬ್ಯಾಡ್ಜ್ ಕೊಟ್ಟದ್ದು 2009ರಲ್ಲಿ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತೆ.

ಹಾಗಾದರೆ ಸೀರಿಯಲ್‌ನಲ್ಲಿ ಸುಳ್ಳು ಯಾವುದು? ನಾಲ್ವರು ಒಂದೇ ಮೇಜಿನ ಸುತ್ತ ಕೂತು ಒಬ್ಬಳದ್ದು ಇನ್ನೊಬ್ಬಳಿಗೆ ಹೇಳುತ್ತಾ ಪೂರ್ತಿ ಚಿತ್ರ ಕಟ್ಟೋದು. ಬ್ಲೆಚ್ಲಿಯಲ್ಲಿ ಹೆಚ್ಚಿನವರಿಗೆ ಅದೇ ನಿಷಿದ್ಧ. ಆದರೆ ಇದನ್ನು ನಾನು ತಪ್ಪು ಅನ್ನಲ್ಲ. ಗಮನಿಸಿ ನೋಡಿ, ಒಬ್ಬೊಬ್ಬಳೂ ಬ್ಲೆಚ್ಲಿಯ ಒಂದೊಂದು ವಿಭಾಗ. ಲೂಸಿಗೆ ಒಮ್ಮೆ ಓದಿದ್ದು ಮರೆಯಲ್ಲ. ನಿಜವಾದ ಬ್ಲೆಚ್ಲಿಯಲ್ಲಿ ಆ ಕೆಲಸ ಮಾಡಿದ್ದು ಪೆಟ್ಟಿಗೆ ಪೆಟ್ಟಿಗೆ ತುಂಬಿದ ಕಾರ್ಡ್‌ಗಳು. ಸಂದೇಶದಲ್ಲಿ ಬಂದ ಪ್ರತಿ ಹೆಸರು, ಪ್ರತಿ ಊರು, ಪ್ರತಿ ಹಡಗನ್ನು ಕಾರ್ಡಿಗೆ ಇಳಿಸಿ, ಬೇಕೆಂದಾಗ ತೆಗೆದುಕೊಡುತ್ತಿದ್ದವರೂ ಹೆಂಗಸರೇ. ಮಿಲ್ಲಿ ಭಾಷೆ, ಜೀನ್ ಆಡಳಿತ, ಸೂಸನ್ ಲೆಕ್ಕಾಚಾರ ಹಿಡಿಯುವ ಕಣ್ಣು. ಸಾವಿರಾರು ಜನರ ಕೆಲಸವನ್ನು ನಾಲ್ಕು ಮುಖಗಳಿಗೆ ಇಳಿಸಿದ್ದಾರೆ, ಕಥೆಗೆ ಅಷ್ಟು ಬೇಕೇ ಬೇಕು.

ಎರಡನೇ ಸೀಸನ್‌ನಲ್ಲಿ ಜನ ಸಿಟ್ಟಾದದ್ದು ಸೂಸನ್ ಅರ್ಧದಲ್ಲಿ ಹೋಗಿದ್ದಕ್ಕೆ. ಮೊದಲ ಎರಡು ಕಂತಿನಲ್ಲಿ ಆಲಿಸ್ ಅನ್ನುವ ಹಳೇ ಸಹೋದ್ಯೋಗಿ ಕೊಲೆ ಕೇಸಿನಲ್ಲಿ ನೇಣಿನ ಹತ್ತಿರ ಬಂದಿರುತ್ತಾಳೆ, ಸೂಸನ್ ಅವಳನ್ನು ಉಳಿಸಿ, ಗಂಡನ ಜೊತೆ ವಿದೇಶಕ್ಕೆ ಹೊರಟುಬಿಡುತ್ತಾಳೆ. ಮುಖ್ಯ ಪಾತ್ರವನ್ನೇ ಕಳಿಸಿದ ಮೇಲೆ ಇನ್ನೇನು ನೋಡೋದು ಅಂತ ಕೆಲವರು. ಆಲಿಸ್ ಬಂದು ಗುಂಪಿಗೆ ಹೊಸ ಜೀವ ಬಂತು ಅಂತ ಇನ್ನು ಕೆಲವರು. ನನಗೂ ಬೇಜಾರಾಯ್ತು, ಆದರೆ ಆ ಕಾಲಕ್ಕೆ ಅದು ಸುಳ್ಳಲ್ಲ. ಮದುವೆಯಾದ ಹೆಂಗಸು ಸರ್ಕಾರಿ ಕೆಲಸ ಬಿಡಬೇಕು ಅನ್ನುವ ನಿಯಮವನ್ನು ಬ್ರಿಟನ್ನಿನ ನಾಗರಿಕ ಸೇವೆಯಲ್ಲಿ ತೆಗೆದದ್ದೇ 1946ರಲ್ಲಿ. ಗಂಡನಿಗೆ ಎಲ್ಲಿ ಪೋಸ್ಟಿಂಗ್ ಆದರೆ ಹೆಂಡತಿ ಅಲ್ಲಿಗೆ. ಸೂಸನ್ ಹೋಗದೆ ಉಳಿದಿದ್ದರೆ ನಾನು ಅದನ್ನು ಸಿನಿಮೀಯ ಅನ್ನುತ್ತಿದ್ದೆ. ನನ್ನ ನಿಜವಾದ ದೂರು ಕೊನೆಯ ಎರಡು ಕಂತಿನ ಕಳ್ಳಸಾಗಣೆ ಕಥೆಯ ಮೇಲೆ. ಅಲ್ಲಿ ಕೋಡ್ ಬಿಡಿಸುವ ಸುಖ ಕಡಿಮೆ, ಓಡಾಟ ಜಾಸ್ತಿ.

ಅಂದಹಾಗೆ ಈ ಕಥೆಗೆ ನಮ್ಮ ಊರಿನ ಒಂದು ಎಳೆಯೂ ಇದೆ. ಜಪಾನಿಯರ ಸಂದೇಶಗಳನ್ನು ಹಿಡಿಯಲು ದೆಹಲಿಯ ಆನಂದ ಪರ್ಬತ್‌ನಲ್ಲಿ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಅಂತ ಬ್ಲೆಚ್ಲಿಯ ಹೊರ ಕೇಂದ್ರ ಇತ್ತು. ಅದರ ಉಪಕೇಂದ್ರ ಒಂದು ಬ್ಯಾರಕ್‌ಪುರದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಯಾರಾದರೂ ಈ ಬೆಂಗಳೂರು ಕೇಂದ್ರದ ಬಗ್ಗೆ ಕೂತು ಬರೆಯಬೇಕು ಅಂತ ನನಗೆ ತುಂಬಾ ಆಸೆ.

ಮೂರನೇ ಸೀಸನ್ ಎಲ್ಲಿ ಅಂತ ಕೇಳುವವರಿಗೆ: ಐಟಿವಿ ಎರಡಕ್ಕೇ ನಿಲ್ಲಿಸಿತು. 2018ರಲ್ಲಿ ಮಿಲ್ಲಿ ಮತ್ತು ಜೀನ್ ಅವರನ್ನು 1956ರ ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋಗಿ ಎಂಟು ಕಂತಿನ ಬೇರೆ ಸೀರಿಯಲ್ ಮಾಡಿದರು. ಅಲ್ಲಿ ಬಣ್ಣ ಜಾಸ್ತಿ, ಲಂಡನ್ನಿನ ಆ ಪಡಿತರ ಚೀಟಿಯ ಕಾಲದ ಬಿಗಿ ಕಡಿಮೆ. ಸಮಯ ಕಡಿಮೆ ಇದ್ದರೆ ಮೊದಲ ಸೀಸನ್ನಿನ ಮೂರು ಕಂತು ಮತ್ತು ಎರಡನೆಯದರ ಆಲಿಸ್ ಕಥೆ ನೋಡಿ.