‘ಅನ್ಸುತ್ತೆ’ ಎಲ್ಲಿ ಹೋಯಿತು?

ಆಪ್ತಸಮಾಲೋಚನೆಗೆ ಬರುವವರು ಮತ್ತೆ ಮತ್ತೆ ಹೇಳುವ ಮಾತಿದು: “ಎಷ್ಟೊಂದು ಜನರ ಹತ್ರ ಹೇಳಿಕೊಂಡೆ, ಆದ್ರೂ ಕೋಪ ಇಳೀತಿಲ್ಲ.” ಹಾಗೆ ಹೇಳಿಕೊಂಡೇ ಅದು ಗಟ್ಟಿಯಾಗಿರಬಹುದು ಅಂದರೆ ಯಾರೂ ನಂಬುವುದಿಲ್ಲ. ಹೇಳಿದರೆ ಮನಸ್ಸು ಹಗುರಾಗುತ್ತೆ ಅಲ್ವಾ, ಅಂತ ನನ್ನನ್ನೇ ಕೇಳುತ್ತಾರೆ.

ಒಬ್ಬರು ಅಣ್ಣನ ವಿಷಯ ಮಾತಾಡಲು ಬರುತ್ತಿದ್ದರು. ಮೊದಲ ದಿನ ಚೀಲದ ಹಿಡಿ ತಿರುಚುತ್ತಾ ತುಂಬಾ ಹೊತ್ತು ಸುಮ್ಮನಿದ್ದು, “ಅವನು ಸ್ವಲ್ಪ ಸ್ವಾರ್ಥಿ ಅನ್ಸುತ್ತೆ” ಎಂದರು. ಎರಡು ತಿಂಗಳ ಮೇಲೆ ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಬಂತು: “ಅವನು ಸ್ವಾರ್ಥಿನೇ.” ‘ಸ್ವಲ್ಪ’ ಉದುರಿತ್ತು, ‘ಅನ್ಸುತ್ತೆ’ ಉದುರಿತ್ತು. ಈ ನಡುವೆ ಅಣ್ಣ ಹೊಸದಾಗಿ ಏನು ಮಾಡಿದರು ಅಂತ ಕೇಳಿದೆ. ಯೋಚಿಸಿದರು. ಏನೂ ಮಾಡಿರಲಿಲ್ಲ. ಇವರು ಅಮ್ಮನಿಗೆ, ಗೆಳತಿಗೆ, ಆಫೀಸಿನವರಿಗೆ ಹೇಳಿದ್ದರು, ಅಷ್ಟೇ.

1984ರಲ್ಲಿ ಪವೆಲ್ ಮತ್ತು ಫೇಜಿಯೋ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದ್ದರು. ಜನ ಹೆಚ್ಚು ಸಲ ಹೇಳಿದ್ದ ಅಭಿಪ್ರಾಯ, ಮತ್ತೆ ಕೇಳಿದಾಗ ಬೇಗ ಹೊರಬಂತು. 1992ರಲ್ಲಿ ಡೌನಿಂಗ್, ಜಡ್ ಮತ್ತು ಬ್ರೌವರ್ ಇನ್ನೊಂದು ಹೆಜ್ಜೆ ಹೋದರು. ಹೇಳುತ್ತಾ ಹೋದಂತೆ ಅಭಿಪ್ರಾಯ ಇನ್ನಷ್ಟು ಒಂದು ಕಡೆಗೆ ವಾಲುತ್ತದೆ ಅಂತ ತೋರಿಸಿದರು.

ನಾನು ಸಾರಿ ಸಾರಿ ಹೇಳುವುದು ಇದೊಂದನ್ನೇ. ಬೇಗ ಬಾಯಿಗೆ ಬಂತು ಅಂದ ಮಾತ್ರಕ್ಕೆ ಅದು ನಿಜ ಅಂತಲ್ಲ. ಓಡಾಡಿದ ದಾರಿ ಸವೆಯುತ್ತೆ, ನಡೆಯೋದು ಸುಲಭವಾಗುತ್ತೆ. ಆ ಸುಲಭವನ್ನೇ ನಾವು ‘ನಂಗೆ ಖಾತ್ರಿ ಇದೆ’ ಅಂತ ತಿಳಿದುಕೊಳ್ಳುತ್ತೇವೆ. ಹತ್ತು ಸಲ ಹೇಳಿದ್ದು ಹತ್ತು ಸಾಕ್ಷಿ ಆಗುವುದಿಲ್ಲ. ಒಂದೇ ಸಾಕ್ಷಿ, ಹತ್ತು ಸಲ.

ಎಲ್ಲರಿಗೂ ಇದು ಒಂದೇ ಥರ ಆಗುತ್ತೆ ಅಂತ ಹೇಳಲಾರೆ. ಬಾಯಿ ಮುಚ್ಚಿಕೊಂಡಿರಿ ಅಂತ ಖಂಡಿತ ಹೇಳುತ್ತಿಲ್ಲ. ದೌರ್ಜನ್ಯ ಅನುಭವಿಸಿದವರು ಹೇಳಲೇಬೇಕು, ಕೇಳುವವರು ಸಿಗುವವರೆಗೂ ಹೇಳಬೇಕು. ಉಳಿದವರಲ್ಲಿ ನನ್ನ ಬೇಡಿಕೆ ಚಿಕ್ಕದು: ತೀರ್ಪು ಬಿಟ್ಟು, ನಡೆದದ್ದನ್ನು ಹೇಳಿ.

ಅಣ್ಣನ ವಿಷಯ ಮಾತಾಡಲು ಬರುತ್ತಿದ್ದವರಿಗೂ ಹಾಗೇ ಹೇಳಿದೆ. ಸಿಟ್ಟು ಬಂತು, ಪಾಪ. ಮುಂದಿನ ವಾರ ಬಂದು ಮೆಲ್ಲಗೆ ಶುರು ಮಾಡಿದರು: “ಅಪ್ಪ ಆಸ್ಪತ್ರೇಲಿದ್ದಾಗ ಎರಡು ಸಲ ಫೋನ್ ಮಾಡಿದೆ. ಅವನು ಎತ್ತಲಿಲ್ಲ. ನಾನು ಒಬ್ಬಳೇ ಆದೆ ಅನ್ಸಿತು.”