ನೊಣದ ರೆಕ್ಕೆಗೆ ‘ಇಷ್ಟು ಸಾಕು’ ಎನ್ನುವುದು ಯಾವುದು?

ಪ್ರಶ್ನೆ: ಬಾಳೆಗೊನೆ ಹಣ್ಣಾದರೆ ಸಾಕು, ನಮ್ಮ ಮನೆಯಲ್ಲಿ ಸಣ್ಣ ನೊಣಗಳು ಮುತ್ತುತ್ತವೆ. ಯಾವ ನೊಣವನ್ನು ನೋಡಿದರೂ ಎರಡು ರೆಕ್ಕೆಗಳೂ ಒಂದೇ ಅಳತೆಯವು. ಬೆಳವಣಿಗೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಜೀವಕೋಶಗಳಿಗೆ ತಿಳಿಯುವುದು ಹೇಗೆ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನೀವು ನೋಡಿರುವುದು ಡ್ರೊಸೊಫಿಲಾ ಇರಬೇಕು. ಕೊಡಗಿನ ಕಿತ್ತಳೆ ತೋಟಗಳಲ್ಲಿ ಮರದ ಮೇಲಿನ ಹಣ್ಣಿಗೇ ಮೊಟ್ಟೆಯಿಟ್ಟು ಕೆಡಿಸುವ ನೊಣ ಬೇರೆ ಕುಟುಂಬದ್ದು; ಅದರ ಮಾತು ಇಲ್ಲಿ ಬೇಡ.

ಡ್ರೊಸೊಫಿಲಾದ ರೆಕ್ಕೆ ಮರಿಹುಳುವಿನ ಒಡಲೊಳಗೆ ಸುಮಾರು 50 ಕೋಶಗಳ ಪುಟ್ಟ ಚೀಲವಾಗಿ ಆರಂಭವಾಗುತ್ತದೆ. ಸುಮಾರು ನಾಲ್ಕು ದಿನಗಳಲ್ಲಿ ಆ ಕೋಶಗಳು 30,000ದಿಂದ 50,000ದವರೆಗೆ ಹೆಚ್ಚಿ, ಬಳಿಕ ವಿಭಜನೆ ನಿಲ್ಲುತ್ತದೆ. ಎಳೆಯ ಚೀಲವನ್ನು ತೆಗೆದು ವಯಸ್ಕ ಹೆಣ್ಣು ನೊಣದ ಹೊಟ್ಟೆಯೊಳಗೆ ನೆಟ್ಟರೂ ಅದು ಹೆಚ್ಚುಕಡಿಮೆ ತನ್ನ ಸಹಜ ಗಾತ್ರಕ್ಕೆ ಬೆಳೆದು ನಿಲ್ಲುತ್ತದೆ. ಅಂದರೆ ಅಳತೆಗೋಲು ಬಹುಮಟ್ಟಿಗೆ ಆ ಅಂಗಾಂಶದೊಳಗೇ ಇದೆ. ಅದು ಕೋಶಗಳ ಎಣಿಕೆಯೂ ಅಲ್ಲ. ವಿಭಜನೆಯನ್ನು ಕೃತಕವಾಗಿ ನಿಧಾನಗೊಳಿಸಿದರೆ ಕೆಲವೇ ದೊಡ್ಡ ಕೋಶಗಳು, ಚುರುಕುಗೊಳಿಸಿದರೆ ಹಲವು ಸಣ್ಣ ಕೋಶಗಳು ಅಷ್ಟೇ ಜಾಗವನ್ನು ತುಂಬುತ್ತವೆ.

ಬೆಳೆಯಲು ಪ್ರೇರೇಪಿಸುವ ಸಂಕೇತಗಳಲ್ಲಿ ಮುಖ್ಯವಾದದ್ದು ಡಿಪಿಪಿ ಎಂಬ ಪ್ರೋಟೀನ್. ಚೀಲದ ನಡುವಿನ ಪಟ್ಟಿಯೊಂದರ ಕೋಶಗಳು ಅದನ್ನು ಸ್ರವಿಸುತ್ತವೆ. ಕಾಫಿ ಹೂವಿನ ಪರಿಮಳ ತೋಟದಿಂದ ದೂರ ಸರಿದಂತೆ ತೆಳುವಾಗುವ ಹಾಗೆ ಅದರ ಪ್ರಮಾಣವೂ ಅಂಚಿನತ್ತ ಇಳಿಯುತ್ತದೆ. ಡಿಪಿಪಿ ಇಲ್ಲದಿದ್ದರೆ ರೆಕ್ಕೆಯೇ ಮೂಡದು, ಹೆಚ್ಚಾದರೆ ಚೀಲ ಅತಿಯಾಗಿ ಬೆಳೆಯುತ್ತದೆ. ಹಾಗಿದ್ದೂ ನಡುವಿನ ಕೋಶಗಳು ಮತ್ತು ಅಂಚಿನ ಕೋಶಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ವಿಭಜಿಸುತ್ತವೆ ಎಂಬುದು ಈ ವಿಷಯದ ಅತ್ಯಂತ ಸ್ವಾರಸ್ಯಕರ ತೊಡಕು, ಮತ್ತು ಅದನ್ನು ವಿವರಿಸುವ ಬಗೆಯ ಕುರಿತು ಸಂಶೋಧಕರಲ್ಲಿ ಇಂದಿಗೂ ಪೂರ್ತಿ ಒಮ್ಮತವಿಲ್ಲ.

ತಡೆಯುವ ಕೆಲಸ ಹಿಪ್ಪೊ ಮಾರ್ಗದ್ದು, ಅಂದರೆ ಒಂದರಿಂದ ಒಂದಕ್ಕೆ ಸಂಕೇತ ದಾಟಿಸುವ ಪ್ರೋಟೀನುಗಳ ಸರಪಳಿಯದ್ದು. ಇದರ ಕೊಂಡಿಗಳಲ್ಲಿ ಮೊದಲು ಪತ್ತೆಯಾದ ವಾರ್ಟ್ಸ್ ವಂಶವಾಹಿಯನ್ನು 1995ರಲ್ಲಿ, ಹಿಪ್ಪೊವನ್ನು 2003ರಲ್ಲಿ, ಯಾರ್ಕಿಯನ್ನು 2005ರಲ್ಲಿ ಗುರುತಿಸಲಾಯಿತು. ಹಿಪ್ಪೊ ಕಿಣ್ವ ವಾರ್ಟ್ಸನ್ನು ಚುರುಕುಗೊಳಿಸುತ್ತದೆ. ವಾರ್ಟ್ಸ್ ಯಾರ್ಕಿ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ, ಅದು ಕೋಶಕೇಂದ್ರವನ್ನು ಹೊಗದಂತೆ ಹೊರಗೇ ಹಿಡಿದಿಡುತ್ತದೆ. ತಡೆ ಸಡಿಲವಾದರೆ ಯಾರ್ಕಿ ಒಳಹೊಕ್ಕು, ವಿಭಜನೆಯನ್ನು ಹೆಚ್ಚಿಸುವ ಮತ್ತು ಕೋಶದ ಸಾವನ್ನು ತಡೆಯುವ ವಂಶವಾಹಿಗಳನ್ನು ಒಟ್ಟಿಗೇ ಎಬ್ಬಿಸುತ್ತದೆ. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಇದರ ಮುಂದಿನ ಅಂಶ: ಈ ತಡೆಯನ್ನು ಬಿಗಿಗೊಳಿಸುವುದರಲ್ಲಿ ನೆರೆಯ ಕೋಶಗಳ ಪಾತ್ರ ದೊಡ್ಡದು. ಒಂದು ಕೋಶದ ಹೊರಮೈಯ ಫ್ಯಾಟ್ ಪ್ರೋಟೀನ್ ಪಕ್ಕದ ಕೋಶದ ಡ್ಯಾಕ್ಸಸ್ ಪ್ರೋಟೀನಿಗೆ ಬೆಸೆದುಕೊಂಡು ಸಂಕೇತ ಕೊಡುತ್ತದೆ. ಕೋಶಗಳು ಒತ್ತೊತ್ತಾಗಿ ಅವುಗಳ ನಡುವಿನ ಸೆಳೆತ ಕಡಿಮೆಯಾದಾಗಲೂ ಯಾರ್ಕಿಯ ಚಟುವಟಿಕೆ ತಗ್ಗುತ್ತದೆ.

ಆಹಾರದ ಲೆಕ್ಕ ಇನ್ಸುಲಿನ್ ಮಾರ್ಗಕ್ಕೆ ಸೇರಿದ್ದು. ಮರಿಹುಳು ಅರೆಹೊಟ್ಟೆಯಲ್ಲಿ ಬೆಳೆದರೆ ನೊಣ ಚಿಕ್ಕದಾಗುತ್ತದೆ, ಆದರೆ ರೆಕ್ಕೆಯೂ ದೇಹಕ್ಕೆ ತಕ್ಕಂತೆಯೇ ಕಿರಿದಾಗುತ್ತದೆ.

ಯಾರ್ಕಿಗೆ ಸಾಟಿಯಾದ ಪ್ರೋಟೀನ್ ನಮ್ಮಲ್ಲೂ ಇದೆ. ಅದರ ಹೆಸರು ಯಾಪ್. 2007ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಇಲಿಯ ಯಕೃತ್ತಿನಲ್ಲಿ ಯಾಪನ್ನು ಹೆಚ್ಚಿಸಿದಾಗ ಆ ಅಂಗ ಹಲವು ಪಟ್ಟು ದೊಡ್ಡದಾಯಿತು, ಹೆಚ್ಚುವರಿ ಯಾಪನ್ನು ನಿಲ್ಲಿಸಿದಾಗ ಮತ್ತೆ ಸಹಜ ಗಾತ್ರದತ್ತ ಕುಗ್ಗಿತು.