ಮದರ್‌ಬೋರ್ಡ್ ಬದಲಿಸಿದರೆ ವಿಂಡೋಸ್ ಮತ್ತೆ ಹಾಕಬೇಕಾ?

ಪ್ರಶ್ನೆ: ಸರ್, ಹಳೇ ಮದರ್‌ಬೋರ್ಡ್ ತೆಗೆದು ಹೊಸದು ಹಾಕಿಸ್ತಾ ಇದೀನಿ. ಎಸ್‌ಎಸ್‌ಡಿ ಅದೇ ಇರುತ್ತೆ. ಅಂಗಡಿಯವರು ಫಾರ್ಮ್ಯಾಟ್ ಹೊಡೀಲೇಬೇಕು ಅಂತಾರೆ. ಹೌದಾ?

ಬೇಡ. ಒಳಗಿರುವುದು ವಿಂಡೋಸ್ 10 ಅಥವಾ 11 ಆದರೆ ಫಾರ್ಮ್ಯಾಟ್ ಬೇಕಿಲ್ಲ. ವಿಂಡೋಸ್, ಫೈಲುಗಳು ಎಲ್ಲಾ ಇರುವ ಹಳೇ ಎಸ್‌ಎಸ್‌ಡಿಯನ್ನು (ಡಿಸ್ಕ್) ಹೊಸ ಬೋರ್ಡಿಗೆ ಸಿಕ್ಕಿಸಿ ಆನ್ ಮಾಡಿ, ಸಾಕು. ಆದರೆ ಹಳೇ ಬೋರ್ಡ್ ಬಿಚ್ಚುವ ಮೊದಲು ಮಾಡಬೇಕಾದ ಕೆಲವು ಕೆಲಸ ಇವೆ, ಕೆಳಗೆ ಹೇಳಿದ್ದೇನೆ.

ಇದೇ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿದ ಮೇಲಂತೂ ಪ್ರಶ್ನೆ ಜಾಸ್ತಿಯಾಗಿದೆ. ಆರನೇ ಜನರೇಷನ್ ಇಂಟೆಲ್ ಇಟ್ಟುಕೊಂಡವರಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಬೋರ್ಡು, ಪ್ರೊಸೆಸರ್ ಎರಡನ್ನೂ ಬದಲಿಸುತ್ತಾರೆ. ಆಗ ಯಾರೋ ಒಬ್ಬರು ‘ಫಾರ್ಮ್ಯಾಟ್’ ಅನ್ನುತ್ತಾರೆ.

ಈ ಮಾತು ಹುಟ್ಟಿದ್ದಕ್ಕೆ ಕಾರಣ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದು ಬಹುಮಟ್ಟಿಗೆ ನಿಜವಾಗಿತ್ತು. ಎಕ್ಸ್‌ಪಿ ಹಾಕುವಾಗ ಅದು ಎದುರಿಗಿರುವ ಬೋರ್ಡನ್ನು ನೋಡಿ, ಅದಕ್ಕೆ ತಕ್ಕ ಡಿಸ್ಕ್ ಡ್ರೈವರನ್ನು (ಡಿಸ್ಕ್ ಓದಲು ಬೇಕಾದ ಪುಟ್ಟ ಸಾಫ್ಟ್‌ವೇರ್) ಮಾತ್ರ ಸಿದ್ಧ ಇಟ್ಟುಕೊಳ್ಳುತ್ತಿತ್ತು. ಬೋರ್ಡ್ ಬದಲಾದರೆ ಎಷ್ಟೋ ಸಲ ತಾನು ಕೂತಿರುವ ಹಾರ್ಡ್ ಡಿಸ್ಕನ್ನೇ ಓದಲು ಅದಕ್ಕೆ ಬರುತ್ತಿರಲಿಲ್ಲ. ನೀಲಿ ಪರದೆ, ಅದರ ಮೇಲೆ 0x0000007B ಎಂಬ ನಂಬರ್. ಇಂಟೆಲ್‌ನಿಂದ ಎಎಮ್‌ಡಿಗೆ ಹೋದರೆ ಇನ್ನೊಂದು ತಲೆನೋವು. ಇಂಟೆಲ್ ಪ್ರೊಸೆಸರಿನ ಡ್ರೈವರ್ ಎಎಮ್‌ಡಿ ಮೇಲೆ ಓಡಲು ಹೋಗಿ ಕಂಪ್ಯೂಟರ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿತ್ತು. ವಿಂಡೋಸ್ 7ರಲ್ಲೂ ಆ 7B ಕಾಟ ಪೂರ್ತಿ ಹೋಗಿರಲಿಲ್ಲ. ಆ ಕಾಲದಲ್ಲಿ ಕೆಲಸ ಕಲಿತವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದನ್ನೇ ಈಗಲೂ ಹೇಳುವುದು ತಪ್ಪು.

2012ರಲ್ಲಿ ವಿಂಡೋಸ್ 8 ಬಂತು. ಅದರ ಎಂಟರ್‌ಪ್ರೈಸ್ ಆವೃತ್ತಿಯ ಜೊತೆ ಮೈಕ್ರೋಸಾಫ್ಟ್ ‘ವಿಂಡೋಸ್ ಟು ಗೋ’ ಎಂಬ ಸೌಲಭ್ಯ ಕೊಟ್ಟಿತು. ಇಡೀ ವಿಂಡೋಸನ್ನು ಒಂದು ಯುಎಸ್‌ಬಿ ಡ್ರೈವಿನಲ್ಲಿ ಹಾಕಿಕೊಂಡು ಇವತ್ತು ಆಫೀಸಿನ ಕಂಪ್ಯೂಟರಿಗೆ, ನಾಳೆ ಮನೆಯದಕ್ಕೆ ಸಿಕ್ಕಿಸಿ ಓಡಿಸಬಹುದಿತ್ತು. ಸ್ವಲ್ಪ ಯೋಚಿಸಿ ನೋಡಿ. ಹೀಗೆ ಕಂಪ್ಯೂಟರ್ ಬದಲಿಸುವುದು ಎಂದರೆ ದಿನಕ್ಕೆರಡು ಸಲ ಮದರ್‌ಬೋರ್ಡ್ ಬದಲಿಸಿದ ಹಾಗೇ ಅಲ್ವಾ? ಆ ಸೌಲಭ್ಯವನ್ನು 2020ರಲ್ಲಿ ತೆಗೆದುಹಾಕಿದರು. ಆದರೆ ಹೊಸ ಬೋರ್ಡನ್ನು ಬೂಟ್ ಆಗುವಾಗಲೇ ಗುರುತಿಸುವ ಗುಣ ವಿಂಡೋಸಿನಲ್ಲಿ ಉಳಿಯಿತು.

ಇತ್ತೀಚೆಗೆ ಪರಿಚಯದ ಒಬ್ಬ ಡಿಟಿಪಿಯವರ ಕಂಪ್ಯೂಟರಿಗೆ ನಾನೇ ಬೋರ್ಡ್ ಬದಲಿಸಿದೆ. ಇದ್ದದ್ದು ಎಚ್110 ಬೋರ್ಡು, ಇಂಟೆಲ್ ಐ5 ಪ್ರೊಸೆಸರ್. ಹಾಕಿದ್ದು ಬಿ550 ಬೋರ್ಡು, ಎಎಮ್‌ಡಿಯ ರೈಜನ್ 5600ಜಿ. ಡಿಡಿಆರ್4 ರ‍್ಯಾಮ್ ಕೂಡ ಹಳೇದೇ. ಆನ್ ಮಾಡಿದ ಮೇಲೆ ಚುಕ್ಕೆಗಳು ಸುತ್ತಿದವು. ಕೆಳಗೆ ‘ಗೆಟ್ಟಿಂಗ್ ಡಿವೈಸಸ್ ರೆಡಿ’ ಎಂದು ಬಂತು, ಶೇಕಡಾ ಲೆಕ್ಕ ಏರುತ್ತಾ ಹೋಯಿತು. ಮಧ್ಯೆ ಪರದೆ ಒಮ್ಮೆ ಕಪ್ಪಾಯಿತು. ಅವರು ‘ಹೋಯ್ತಾ?’ ಅಂದರು. ಹೋಗಿರಲಿಲ್ಲ. ಲಾಗಿನ್ ಪರದೆ ಬಂತು. ಒಳಗೆ ನುಡಿ, ಫಾಂಟುಗಳು, ಲಗ್ನಪತ್ರಿಕೆಯ ಫೈಲುಗಳು ಎಲ್ಲಾ ಇದ್ದಲ್ಲೇ ಇದ್ದವು. ಇದೇ ಮನುಷ್ಯ ಹಿಂದೊಮ್ಮೆ ಅಂಗಡಿಯವರ ಮಾತು ಕೇಳಿ ಫಾರ್ಮ್ಯಾಟ್ ಮಾಡಿಸಿ, ಎಲ್ಲೆಲ್ಲಿಂದಲೋ ಕೂಡಿಸಿಟ್ಟ ಫಾಂಟುಗಳನ್ನೆಲ್ಲ ಕಳೆದುಕೊಂಡಿದ್ದರು. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಹಟ.

‘ಫಾರ್ಮ್ಯಾಟ್ ಮಾಡದಿದ್ರೆ ಸ್ಲೋ ಆಗುತ್ತೆ’ ಎನ್ನುವುದು ಅದೇ ಮಾತಿನ ಬಾಲ. ಹಳೇ ಬೋರ್ಡಿನ ಡ್ರೈವರ್‌ಗಳು ಡಿಸ್ಕಿನಲ್ಲಿ ಸುಮ್ನೆ ಬಿದ್ದಿರುತ್ತವೆ. ಆ ಚಿಪ್ಪೇ ಇಲ್ಲದ ಮೇಲೆ ಸಾಮಾನ್ಯವಾಗಿ ಲೋಡ್ ಆಗುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿದರೆ ಮಸುಕಾಗಿ ಕಾಣುತ್ತವೆ. ಬೇಡವಾದರೆ ತೆಗೆಯಿರಿ. ಫ್ಯಾನ್, ಲೈಟ್ ನಡೆಸಲು ಹಳೇ ಬೋರ್ಡಿನ ಕಂಪನಿ ಕೊಟ್ಟ ಸಾಫ್ಟ್‌ವೇರ್ ಇದ್ದರೆ ಅದನ್ನು ಮಾತ್ರ ಖಂಡಿತ ಅನ್‌ಇನ್‌ಸ್ಟಾಲ್ ಮಾಡಿ. ಅದು ಹಿಂದೆ ಓಡುತ್ತಲೇ ಇರುತ್ತದೆ.

ನಿಜವಾದ ತೊಡಕುಗಳು ಬೇರೆ ಇವೆ. ಹೆಚ್ಚಿನವಕ್ಕೆ ಪರಿಹಾರ ಹಳೇ ಬೋರ್ಡ್ ಬಿಚ್ಚುವ ಮೊದಲೇ ಆಗಬೇಕು.

ದೊಡ್ಡದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಡಿಸ್ಕ್ ಲಾಕ್ ಆಗಿದ್ದರೆ ಅದರ ಬೀಗದ ಕೈ ಹಳೇ ಬೋರ್ಡಿನ ಅಥವಾ ಹಳೇ ಪ್ರೊಸೆಸರಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿ ಇರುತ್ತದೆ. ಹೊಸ ಬೋರ್ಡಿನಲ್ಲಿ ಆನ್ ಮಾಡಿದ ತಕ್ಷಣ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಡೇಟಾ ಹೋದ ಹಾಗೇ. ‘ನಾನು ಬಿಟ್‌ಲಾಕರ್ ಹಾಕೇ ಇಲ್ಲ’ ಅನ್ನಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ, ಎಷ್ಟೋ ಕಂಪ್ಯೂಟರುಗಳಲ್ಲಿ ಅದು ತಾನಾಗೇ ಲಾಕ್ ಮಾಡಿಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೋಡಿ. ಆನ್ ಇದ್ದರೆ ಕೀ ಬರೆದಿಟ್ಟುಕೊಂಡು ಆಫ್ ಮಾಡಿ.

ಲಾಗಿನ್ ಆಗಲು ಒತ್ತುವ ಪಿನ್ ಕೂಡ ಟಿಪಿಎಂಗೇ ಕಟ್ಟಿಕೊಂಡಿರುತ್ತದೆ. ಹೊಸ ಬೋರ್ಡಿನಲ್ಲಿ ಅದು ನಡೆಯುವುದಿಲ್ಲ, ಪಾಸ್‌ವರ್ಡ್ ಬೇಕು. ನಾಲ್ಕಂಕಿ ಒತ್ತಿ ಒತ್ತಿ ಎಷ್ಟೋ ಜನ ಪಾಸ್‌ವರ್ಡ್ ಮರೆತೇಬಿಟ್ಟಿರುತ್ತಾರೆ. ಮೊದಲೇ ನೆನಪು ಮಾಡಿಕೊಳ್ಳಿ.

ಲೈಸೆನ್ಸ್ ವಿಷಯ ಸರಳ. ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸ್ ಹೊಸ ಬೋರ್ಡಿಗೂ ಬರುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ಓಇಎಂ ಲೈಸೆನ್ಸ್ ಹಳೇ ಬೋರ್ಡಿನದು. ರಿಟೇಲ್ ಇರುವವರು ಅದನ್ನು ಮೊದಲೇ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿಕೊಂಡರೆ, ಆಮೇಲೆ ಆಕ್ಟಿವೇಶನ್ ಟ್ರಬಲ್‌ಶೂಟರ್‌ನಲ್ಲಿ ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬುದನ್ನು ಆರಿಸಬಹುದು.

ಹಳೇ ಕಾಲದ ಸೆಟಪ್ ಆದರೆ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದು ‘ಬಯಾಸ್ ಮೋಡ್’ ಸಾಲು ನೋಡಿ. ಲೆಗಸಿ ಎಂದಿದ್ದರೆ ಬ್ಯಾಕಪ್ ಮಾಡಿ, ವಿಂಡೋಸಿನ ಒಳಗೇ ಇರುವ ಎಂಬಿಆರ್2ಜಿಪಿಟಿ ಎಂಬ ಟೂಲ್‌ನಿಂದ ಡಿಸ್ಕನ್ನು ಹೊಸ ಬಗೆಗೆ ಪರಿವರ್ತಿಸಿ. ಇಲ್ಲದಿದ್ದರೆ ಹೊಸ ಬೋರ್ಡ್ ಅದರಿಂದ ಬೂಟ್ ಆಗದೇ ಇರಬಹುದು. ಆಗಲೂ ತಪ್ಪು ವಿಂಡೋಸಿನದಲ್ಲ. ನೆಟ್‌ವರ್ಕ್ ಡ್ರೈವರ್ ಸಿಗದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ ಟೆಥರಿಂಗ್ ಆನ್ ಮಾಡಿ, ನೆಟ್ ಬರುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಬರೆಯುವ ಟ್ಯಾಲಿ ಇದೆಯಾ? ನಮ್ಮ ಬೆಂಗಳೂರಿನದೇ ಆದ ಈ ಸಾಫ್ಟ್‌ವೇರಿನ ಲೈಸೆನ್ಸ್ ಕೂಡ ಕಂಪ್ಯೂಟರಿನ ಹಾರ್ಡ್‌ವೇರಿಗೆ ಅಂಟಿಕೊಂಡಿರುತ್ತದೆ. ವಿಂಡೋಸ್ ಚೆನ್ನಾಗಿ ಎದ್ದರೂ ಟ್ಯಾಲಿ ಎಜುಕೇಶನಲ್ ಮೋಡಿಗೆ ಹೋಗಿ ಕೂರಬಹುದು. ಆ ಮೋಡಿನಲ್ಲಿ ತಿಂಗಳ ಕೆಲವೇ ತಾರೀಕುಗಳಿಗೆ ಎಂಟ್ರಿ ಹಾಕಲು ಬಿಡುತ್ತದೆ. ಜಿಎಸ್‌ಟಿ ರಿಟರ್ನ್ ಹತ್ತಿರ ಇದ್ದಾಗ ಹೀಗಾದರೆ ಗತಿ ಏನು? ಹಳೇ ಬೋರ್ಡ್ ಓಡುತ್ತಿರುವಾಗಲೇ ಟ್ಯಾಲಿ ತೆರೆದು ಲೈಸೆನ್ಸ್ ಸರೆಂಡರ್ ಮಾಡಿ. ಹೊಸದರಲ್ಲಿ ಅದೇ ಸೀರಿಯಲ್ ನಂಬರಿನಿಂದ ಮತ್ತೆ ಆಕ್ಟಿವೇಟ್ ಮಾಡಿ. ರಿಟರ್ನಿಗೆ ಸಹಿ ಹಾಕುವ ಡಿಎಸ್‌ಸಿ ಟೋಕನ್‌ಗೆ ಈ ತಾಪತ್ರಯ ಇಲ್ಲ. ಸರ್ಟಿಫಿಕೇಟ್ ಟೋಕನ್ನಿನ ಒಳಗೇ ಇರುತ್ತದೆ, ಅದರ ಡ್ರೈವರ್ ನಿಮ್ಮ ಹಳೇ ಎಸ್‌ಎಸ್‌ಡಿಯಲ್ಲಿ ಹಾಗೇ ಇರುತ್ತದೆ.